ಕಾಮರ್ಸ್ ಓದಿ ಬಿಸಿಎಗೆ ಬಂದೆ, ಬೀಜಗಣಿತದ ನಿಯಮಗಳನ್ನು ನೋಡಿಯೇ ಹೆದರಿಕೆ

ಪ್ರಶ್ನೆ: ಮೇಡಂ, ನಾನು ಶಿರಾ ತಾಲ್ಲೂಕಿನ ಹಳ್ಳಿಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಗಣಿತದಲ್ಲಿ 52 ಬಂದಿತ್ತು. ಪಿಯುಸಿಯಲ್ಲಿ ಕಾಮರ್ಸ್, ಗಣಿತ ಇರಲಿಲ್ಲ. ಈಗ ತುಮಕೂರಿನ ಒಂದು ಕಾಲೇಜಿನಲ್ಲಿ ಬಿಸಿಎ ಮೊದಲ ಸೆಮಿಸ್ಟರ್. ಪಿಯುಸಿಯಲ್ಲಿ ಗಣಿತ ಓದದವರಿಗೆ ಆರಂಭದ ಬೀಜಗಣಿತ ಕಲಿಸುತ್ತಾರೆ. ಮೊದಲ ದಿನವೇ ಎರಡು ಪುಟದ ನಿಯಮದ ಚೀಟಿ ಕೊಟ್ಟರು. ಸುಮಾರು 60 ಕ್ಲಾಸ್, 75% ಹಾಜರಾತಿ ಕಡ್ಡಾಯ. 10 ನಿಮಿಷ ತಡವಾದರೆ ಹಾಜರಿ ಇಲ್ಲ. ಟೆಸ್ಟಿನಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಹಂತ ಬರೆಯದೆ ಬರೀ ಉತ್ತರ ಬರೆದರೆ ಪೂರ್ತಿ ಅಂಕ ಇಲ್ಲ. ತಪ್ಪಿದ ಟೆಸ್ಟ್ ಮತ್ತೆ ಕೊಡುವುದಿಲ್ಲ. ಪ್ರತಿ ಕ್ಲಾಸಿಗೆ ಮನೆಯಲ್ಲಿ ಎರಡು ಗಂಟೆ ಅಭ್ಯಾಸ ಮಾಡಬೇಕು. ಇಂಟರ್ನಲ್ 20, ಪರೀಕ್ಷೆ 80. ಇಂಟರ್ನಲ್‌ನಲ್ಲಿ ಎರಡು ಟೆಸ್ಟಿನ ಸರಾಸರಿಗೆ 10, ಅಸೈನ್‌ಮೆಂಟಿಗೆ 5, ಕ್ಲಾಸಿನ ಕೆಲಸಕ್ಕೆ 5. ಗಣಿತ ದಿನಾ ಮೊದಲ ಪೀರಿಯಡ್. ಬಸ್ಸಿನ ಕಾರಣಕ್ಕೆ 30ರಲ್ಲಿ 12 ಕ್ಲಾಸ್ ತಪ್ಪಿದೆ. ಮೊದಲ ಟೆಸ್ಟಿನಲ್ಲಿ 20ಕ್ಕೆ 6. ಅಪ್ಪ ಬಿಕಾಂಗೆ ಬದಲಾಯಿಸು ಅಂತಾರೆ. ಚಿಕ್ಕಪ್ಪನ ಮಗ, ಬಿಸಿಎ ಮುಗಿಸಿದವನು, ‘ಇಂಟರ್ನಲ್ 40 ಇರುತ್ತೆ, ಎಲ್ಲರಿಗೂ ಹಾಕ್ತಾರೆ, ತಲೆ ಕೆಡಿಸ್ಕೋಬೇಡ’ ಅಂತಾನೆ. ನನಗೆ ಗಣಿತದ ತಲೆ ಇಲ್ವೇನೋ ಅನ್ಸುತ್ತೆ. ಏನು ಮಾಡಲಿ? ಉತ್ತರ ಪತ್ರಿಕೆಯ ಫೋಟೊ ಕಳಿಸಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆ ಕಲೆಸಿಕೊಂಡಿವೆ. ಗಣಿತ ಬರುತ್ತೋ ಇಲ್ವೋ ಅನ್ನೋದು ಒಂದು. ಈ ನಿಯಮಗಳ ನಡುವೆ ಪಾಸಾಗಬಹುದೇ ಅನ್ನೋದು ಇನ್ನೊಂದು. ಕೋರ್ಸೇ ತಪ್ಪಾಯಿತೇ ಅನ್ನೋದು ಮೂರನೆಯದು. ಚೀಟಿ ಆಮೇಲೆ ನೋಡೋಣ. ಮೊದಲು ಉತ್ತರ ಪತ್ರಿಕೆ ತೆರೆಯೋಣ. ಮೊದಲ ಚಿಂತೆಗೆ ಉತ್ತರ ಅಲ್ಲೇ ಇದೆ.

ಬರೆಯುವ ಅನುಕೂಲಕ್ಕೆ ಇಲ್ಲಿ ಎಕ್ಸ್ ಬದಲು ‘ಕ’ ಎಂದು ಬರೆಯುತ್ತೇನೆ. ಅಕ್ಷರ ಯಾವುದಾದರೂ ಲೆಕ್ಕ ಬದಲಾಗುವುದಿಲ್ಲ.

ಮೊದಲ ಪ್ರಶ್ನೆ 7 − 3(ಕ − 2) = 19. ನೀವು ಮುಂದಿನ ಸಾಲಿನಲ್ಲಿ 7 − 3ಕ − 6 = 19 ಎಂದು ಬರೆದಿದ್ದೀರಿ. ಅಲ್ಲಿಂದ ಮುಂದೆ ನಿಮ್ಮ ಪ್ರತಿ ಸಾಲೂ ಸರಿಯಾಗಿದೆ. ಕ = −6 ಬಂದಿದೆ. ತಪ್ಪಿದ್ದು ಒಂದೇ ಚಿಹ್ನೆ. −3 ಅನ್ನು −2ರಿಂದ ಗುಣಿಸಿದರೆ +6 ಆಗಬೇಕಿತ್ತು. ಆಗ 13 − 3ಕ = 19, ಅಂದರೆ ಕ = −2. ‘ಮೈನಸ್ ಇಂಟು ಮೈನಸ್ ಪ್ಲಸ್’ ಎಂದು ನಿಮಗೆ ಬಾಯಿಪಾಠ ಮಾಡಿಸಿದ್ದಾರೆ, ಯಾಕೆ ಎಂದು ಹೇಳಿಲ್ಲ. ಬ್ರಹ್ಮಗುಪ್ತ 628ರಲ್ಲಿ ಈ ನಿಯಮಗಳನ್ನು ಬರೆದಾಗ ಪ್ಲಸ್ ಸಂಖ್ಯೆಯನ್ನು ಧನ ಎಂದ, ಮೈನಸ್ ಸಂಖ್ಯೆಯನ್ನು ಋಣ ಎಂದ. ಅಂಗಡಿಯ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ತಲಾ 2 ರೂಪಾಯಿಯ ಸಾಲಗಳಿವೆ ಎನ್ನಿ. ಅಂಗಡಿಯವರು ಅಂಥ 3 ಸಾಲ ಹೊಡೆದುಹಾಕಿದರೆ ನಿಮಗೆ 6 ರೂಪಾಯಿ ಲಾಭ. ಅಷ್ಟೇ.

ಎರಡನೆಯದು ಕ/2 + ಕ/3 = 10. ನೀವು ಮೇಲಿನದ್ದಕ್ಕೆ ಮೇಲಿನದ್ದು, ಕೆಳಗಿನದ್ದಕ್ಕೆ ಕೆಳಗಿನದ್ದು ಕೂಡಿಸಿ 2ಕ/5 = 10 ಮಾಡಿದ್ದೀರಿ. ಉತ್ತರ 25. ಅದನ್ನು ಪ್ರಶ್ನೆಗೇ ಹಾಕಿ ನೋಡಿದ್ದರೆ 25ರ ಅರ್ಧವೇ 12.5 ಬರುತ್ತಿತ್ತು, 10ನ್ನು ಆಗಲೇ ದಾಟಿತು. ಎರಡೂ ಕಡೆಯನ್ನು 6ರಿಂದ ಗುಣಿಸಿ: 3ಕ + 2ಕ = 60, ಕ = 12. ಇದು ಆರು-ಏಳನೇ ಕ್ಲಾಸಿನ ಭಿನ್ನರಾಶಿ. ಬೀಜಗಣಿತವೇ ಅಲ್ಲ.

ಮೂರನೆಯದರಲ್ಲಿ (ಕ + 5)² ಅನ್ನು ಕ² + 25 ಎಂದು ಬರೆದಿದ್ದೀರಿ. ಇದು ನಾನು ಪ್ರತಿ ವರ್ಷ, ಪ್ರತಿ ಬ್ಯಾಚಿನಲ್ಲಿ ನೋಡುವ ತಪ್ಪು. ಇಂಗ್ಲಿಷ್ ಮೀಡಿಯಂನವರೂ ಮಾಡುತ್ತಾರೆ, ಪಿಯುಸಿಯಲ್ಲಿ ಸೈನ್ಸ್ ಓದಿದವರೂ ಮಾಡುತ್ತಾರೆ. ಸೂತ್ರ ಮರೆತರೂ ಪರವಾಗಿಲ್ಲ, ಕ ಜಾಗದಲ್ಲಿ 2 ಹಾಕಿ. ಒಂದು ಕಡೆ 7ರ ವರ್ಗ 49, ಇನ್ನೊಂದು ಕಡೆ 4 + 25 = 29. ಎರಡೂ ಒಂದೇ ಅಲ್ಲ ಎಂದು ಅರ್ಧ ನಿಮಿಷದಲ್ಲಿ ಗೊತ್ತಾಯಿತು. ಕಾಣೆಯಾದ 20 ಎಲ್ಲಿಂದ ಬರಬೇಕು? ನಡುವಿನ 10ಕ ಎಂಬ ಪದದಿಂದ. (ಪರೀಕ್ಷಿಸಲು 0 ಹಾಕಬೇಡಿ. 0 ಹಾಕಿದರೆ ಎರಡೂ ಕಡೆ 25 ಬಂದು ತಪ್ಪೂ ಸರಿ ಎನಿಸುತ್ತದೆ.)

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿತು. ಇಂಗ್ಲಿಷಿನಲ್ಲಿದ್ದ ವಾಕ್ಯ, ‘ಫೈವ್ ಲೆಸ್ ದ್ಯಾನ್ ಟ್ವೈಸ್ ಎ ನಂಬರ್ ಈಸ್ ಸೆವೆಂಟೀನ್’. ನೀವು ಪದಗಳು ಬಂದ ಸಾಲಿನಲ್ಲೇ ಬರೆದು 5 − 2ಕ = 17 ಮಾಡಿದ್ದೀರಿ. ಇದನ್ನೇ ಕನ್ನಡದಲ್ಲಿ ಹೇಳಿ: ಒಂದು ಸಂಖ್ಯೆಯ ಎರಡರಷ್ಟಕ್ಕಿಂತ 5 ಕಡಿಮೆ, ಅದು 17. ಕಿವಿಗೆ ಬಿದ್ದ ಹಾಗೇ ಬರೆದರೆ 2ಕ − 5 = 17, ಕ = 11. ಇಂಥ ಕಡೆ ಕನ್ನಡ ಮೀಡಿಯಂ ನಿಮಗೆ ಅನುಕೂಲವೇ. ವಾಕ್ಯದ ಲೆಕ್ಕ ಬಂದಾಗಲೆಲ್ಲ ರಫ್ ಜಾಗದಲ್ಲಿ ಒಂದು ಸಾಲು ಕನ್ನಡದಲ್ಲಿ ಬರೆದುಕೊಳ್ಳಿ. ಯಾರೂ ಅಂಕ ಕಳೆಯುವುದಿಲ್ಲ.

ಐದನೆಯದಕ್ಕೆ ಸರಿ ಉತ್ತರ ಬರೆದಿದ್ದೀರಿ, ಹಂತ ಒಂದೂ ಇಲ್ಲ. ಅಲ್ಲೂ ಅಂಕ ಹೋಯಿತು.

ಈಗ ಹೇಳಿ, ಇದರಲ್ಲಿ ಕಾಲೇಜಿನಲ್ಲಿ ಹೊಸದಾಗಿ ಕಲಿಸಿದ್ದು ಯಾವುದರಲ್ಲಿ ತಪ್ಪಾಯಿತು? ಯಾವುದರಲ್ಲೂ ಇಲ್ಲ. ಮೈನಸ್, ಭಿನ್ನರಾಶಿ, ಎಂಟನೇ ಕ್ಲಾಸಿನ ಒಂದು ಸೂತ್ರ, ಒಂದು ಇಂಗ್ಲಿಷ್ ವಾಕ್ಯ. ಗಣಿತದ ತಲೆ ಇಲ್ಲದವರು ಮೊದಲ ಲೆಕ್ಕದಲ್ಲಿ ತಪ್ಪಿದ ಚಿಹ್ನೆಯಾಚೆ ಮೂರು ಸಾಲು ಸರಿಯಾಗಿ ನಡೆಸುವುದಿಲ್ಲ. ನೀವು ಎರಡು ವರ್ಷ ಇದನ್ನು ಮುಟ್ಟಿಲ್ಲ, ಅದಕ್ಕೂ ಮೊದಲು ಬುಡ ಸ್ವಲ್ಪ ಸಡಿಲವಿತ್ತು. ನನ್ನ ಅನುಭವದಲ್ಲಿ ಈ ಕೋರ್ಸಿನಲ್ಲಿ ಫೇಲಾಗುವವರಲ್ಲಿ ಜಾಸ್ತಿ ಮಂದಿ ಬೀಳುವುದು ಸಮೀಕರಣದಲ್ಲಿ ಅಲ್ಲ, ಅದರೊಳಗೆ ಕೂತಿರುವ ಭಿನ್ನರಾಶಿಯಲ್ಲಿ. ಕಾಲೇಜಿಗೆ ಬಂದು ಇದನ್ನು ಕಲಿಯುವುದು ಅವಮಾನ ಅಂತಲೂ ಅಂದುಕೊಳ್ಳಬೇಡಿ. ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ ಈ ಮಟ್ಟದ ಬೀಜಗಣಿತಕ್ಕೆಂದೇ ಬಹುಕಾಲದಿಂದ ಕೋರ್ಸುಗಳಿವೆ. ಸಾಮಾನ್ಯವಾಗಿ ಅದರ ಅಂಕ ಡಿಗ್ರಿಗೂ ಸೇರುವುದಿಲ್ಲ. ನಿಮ್ಮ ಚೀಟಿಯ ‘ಒಂದು ಗಂಟೆ ಕ್ಲಾಸಿಗೆ ಎರಡು ಗಂಟೆ ಮನೆಯಲ್ಲಿ’ ಅನ್ನೋ ಮಾತು ಅಲ್ಲಿನ ಕಾಲೇಜುಗಳಲ್ಲೂ ಮಾಮೂಲು.

ಇನ್ನು ಚೀಟಿ. ಮೊದಲು ನಿಮ್ಮ ಚಿಕ್ಕಪ್ಪನ ಮಗನ ಮಾತು. ಅವರು ಸುಳ್ಳು ಹೇಳುತ್ತಿಲ್ಲ, ಅವರ ಕಾಲದ ನಿಯಮ ಹೇಳುತ್ತಿದ್ದಾರೆ. 2021-22ರಲ್ಲಿ ರಾಜ್ಯದ ಡಿಗ್ರಿ ಕೋರ್ಸುಗಳಿಗೆ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂದಾಗ ಇಂಟರ್ನಲ್ 40, ಪರೀಕ್ಷೆ 60 ಎಂದಿತ್ತು. 2024-25ರಿಂದ ಸರ್ಕಾರ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿತು, ಪಠ್ಯವೂ ಬದಲಾಯಿತು. ಆದ್ದರಿಂದ ಸೀನಿಯರ್‌ಗಳ ನೋಟ್ಸ್ ತಗೊಳ್ಳಿ, ನಿಯಮ ತಗೊಳ್ಳಬೇಡಿ. ನಿಮಗೆ ಲೆಕ್ಕಕ್ಕೆ ಬರುವುದು ನಿಮ್ಮ ಕೈಲಿರುವ ಚೀಟಿ, ಅದರ ಹಿಂದಿರುವ ವಿಶ್ವವಿದ್ಯಾಲಯದ ನಿಯಮ.

ಆ ಚೀಟಿಯ ಪ್ರಕಾರವೇ ನಿಮ್ಮ 6 ಅಂಕದ ಲೆಕ್ಕ ಹಾಕೋಣ. ನೀವು 20ರಲ್ಲಿ 14 ಕಳೆದುಕೊಂಡಿರಿ. ಎರಡು ಟೆಸ್ಟಿನ ಸರಾಸರಿ ತೆಗೆದರೆ ಆ 14 ಏಳಾಗುತ್ತದೆ. 20ನ್ನು 10ಕ್ಕೆ ಇಳಿಸಿದಾಗ ಮೂರೂವರೆ. ಅಂದರೆ ನಿಮ್ಮನ್ನು ನಿದ್ದೆಗೆಡಿಸಿರುವ ಈ ಟೆಸ್ಟ್ 100ರಲ್ಲಿ ಕಿತ್ತುಕೊಂಡಿದ್ದು 3.5 ಅಂಕ. ಮುಂದಿನ ಟೆಸ್ಟಿನಲ್ಲಿ 16 ತೆಗೆದರೆ ಸರಾಸರಿ 11, ಇಳಿಸಿದರೆ 5.5. ಅಸೈನ್‌ಮೆಂಟ್ ಮತ್ತು ಕ್ಲಾಸಿನ ಕೆಲಸದ 10ರಲ್ಲಿ 8 ಬಂದರೂ ಇಂಟರ್ನಲ್ 13.5. ಇದು ಕೆಟ್ಟದ್ದಲ್ಲ. ಆದರೆ ಎರಡನೇ ಟೆಸ್ಟ್ ತಪ್ಪಿಸಿಕೊಂಡರೆ ಮತ್ತೆ ಕೊಡುವುದಿಲ್ಲ, ಅದು ಸೊನ್ನೆ. ಹಿಂದಿನ ದಿನವೇ ತುಮಕೂರಿಗೆ ಬಂದು ಗೆಳತಿಯ ರೂಮಿನಲ್ಲಿ ಉಳಿದರೂ ಸರಿ, ಆ ದಿನ ತಪ್ಪಿಸಬೇಡಿ. ನಿಜಕ್ಕೂ ಜ್ವರ ಬಂದು ಮಲಗಿದರೆ ಅದೇ ದಿನ ಮೇಡಂಗೋ ಸರ್‌ಗೋ ತಿಳಿಸಿ, ಡಾಕ್ಟರ ಚೀಟಿ ಇಟ್ಟುಕೊಳ್ಳಿ. ಒಂದು ವಾರ ಬಿಟ್ಟು ಹೋದವರಿಗೆ ಯಾರೂ ಕಿವಿಗೊಡುವುದಿಲ್ಲ.

ನನಗೆ ನಿಜವಾಗಿ ಗಾಬರಿ ಆಗಿದ್ದು ಹಾಜರಾತಿ ನೋಡಿ. 30ರಲ್ಲಿ 18, ಅಂದರೆ 60%. ಇದನ್ನು ನಿಮ್ಮ ಪಾಠದ ಲೆಕ್ಕವಾಗಿಯೇ ಬಿಡಿಸಿ. ಇನ್ನು ಮುಂದೆ ಒಂದೂ ತಪ್ಪಿಸದೆ ಕ ಕ್ಲಾಸ್ ಹೋದರೆ 75% ಆಗುತ್ತದೆ ಎನ್ನಿ.

(18 + ಕ)/(30 + ಕ) = 3/4
4(18 + ಕ) = 3(30 + ಕ)
72 + 4ಕ = 90 + 3ಕ
ಕ = 18

ಬಿಡದೆ 18 ಕ್ಲಾಸ್ ಹೋದ ಮೇಲಷ್ಟೇ ನೀವು 75% ಮುಟ್ಟುತ್ತೀರಿ, 48ರಲ್ಲಿ 36. ಇಡೀ ಸೆಮಿಸ್ಟರಿಗೆ 60 ಕ್ಲಾಸ್ ಆದರೆ ಒಟ್ಟು 15 ತಪ್ಪಿಸಲು ಅವಕಾಶ. ಅದರಲ್ಲಿ 12 ಖರ್ಚಾಗಿದೆ. ಉಳಿದದ್ದು 3. ಒಂದು ಹಬ್ಬ, ಒಂದು ಮದುವೆ, ಒಂದು ಜ್ವರ, ಮುಗಿಯಿತು. ಇನ್ನೊಂದು ಅಪಾಯವೂ ಇದೆ. ರಜೆ ಹೆಚ್ಚಾಗಿ 60ರ ಬದಲು 52 ಕ್ಲಾಸೇ ನಡೆದರೆ ತಪ್ಪಿಸಬಹುದಾದದ್ದು 13ಕ್ಕೆ ಇಳಿಯುತ್ತದೆ. ಆಗ ನಿಮಗೆ ಉಳಿಯುವುದು ಒಂದೇ.

ಹಾಜರಾತಿ ಬಗ್ಗೆ ಕ್ಯಾಂಟೀನಿನಲ್ಲಿ ಸುತ್ತಾಡುವ ಒಂದು ಮಾತಿದೆ, ‘ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟರೆ ಸರಿ ಹೋಗುತ್ತೆ’. ಸರ್ಟಿಫಿಕೇಟ್ ಕೊಟ್ಟ ಮಾತ್ರಕ್ಕೆ ನೀವು ಕ್ಲಾಸಿನಲ್ಲಿ ಕೂತಂತೆ ಆಗುವುದಿಲ್ಲ. ಸ್ವಲ್ಪ ಕೊರತೆ ಇದ್ದಾಗ ಮನ್ನಿಸಿ ಎಂದು ಕೇಳಿಕೊಳ್ಳಲು ಅದೊಂದು ಆಧಾರ, ಅಷ್ಟೇ. ಮನ್ನಿಸುವುದು ಬಿಡುವುದು ಮೇಲಿನವರ ಕೈಲಿ. ಸೆಮಿಸ್ಟರ್ ಕೊನೆಯಲ್ಲಿ ಹಾಲ್ ಟಿಕೆಟ್ ಸಿಗದೆ ಆಫೀಸಿನ ಮುಂದೆ ಅಪ್ಪನನ್ನು ಕರೆತಂದು ನಿಲ್ಲಿಸಿದ ಹುಡುಗ ಹುಡುಗಿಯರನ್ನು ನಾನು ಬಹಳ ಕಂಡಿದ್ದೇನೆ. ಅವರಲ್ಲಿ ಕೆಲವರಿಗೆ ಪಾಠ ಚೆನ್ನಾಗಿಯೇ ಬರುತ್ತಿತ್ತು.

ಹಾಗಾದರೆ ಬಸ್ಸಿಗೆ ಏನು ಮಾಡೋದು? ಒಂದು, ಇನ್ನೂ ಮುಂಚಿನ ಬಸ್. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ನಿಮಗೆ ದುಡ್ಡಿನ ಚಿಂತೆ ಇಲ್ಲ. ಖಾಸಗಿ ಬಸ್ಸಿಗೆ ಅದು ನಡೆಯದು. ತೊಂದರೆ ಏನೆಂದರೆ ಹಳ್ಳಿಯಿಂದ ಶಿರಾಕ್ಕೆ ಬರುವುದೇ ಕಷ್ಟ, ಶಿರಾದಿಂದ ಹೆದ್ದಾರಿಯಲ್ಲಿ ಬಸ್ ಸಿಗುತ್ತದೆ. ಆ ಮೊದಲ ತುಂಡು ದಾರಿಗೆ ಮನೆಯವರು ಯಾರಾದರೂ ಬೈಕಿನಲ್ಲಿ ಬಿಡಬಹುದೇ ನೋಡಿ. ಅಪ್ಪನಿಗೆ ಕೋರ್ಸ್ ಬದಲಿಸುವ ಬದಲು ಈ ಕೆಲಸ ಕೊಡಿ! ಎರಡು, ಹಾಸ್ಟೆಲ್. ಬಿಸಿಎಂ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗೆ ಅರ್ಜಿಯ ದಿನ ಮುಗಿದಿದ್ದರೂ ಖಾಲಿ ಸೀಟು ಇದೆಯೇ ಎಂದು ವಾರ್ಡನ್ ಹತ್ತಿರವೇ ಹೋಗಿ ಕೇಳಿ. ಸಿಗುತ್ತೆ ಅಂತ ನಂಬಿ ಕೂರಬೇಡಿ. ಪಿಜಿ ಆದರೆ ತಿಂಗಳ ಖರ್ಚು ಬೀಳುತ್ತದೆ, ಅದು ಮನೆಯ ಪರಿಸ್ಥಿತಿ ನೋಡಿ. ಮೂರು, ಪಾಠ ಮಾಡುವವರಿಗೆ ಮತ್ತು ಎಚ್‌ಒಡಿಗೆ ಈಗಲೇ ಒಂದು ಪತ್ರ ಬರೆಯಿರಿ. ಯಾವ ಊರು, ಯಾವ ಬಸ್, ಎಷ್ಟು ಹೊತ್ತಿಗೆ ತುಮಕೂರು ಬಸ್ ಸ್ಟ್ಯಾಂಡ್ ತಲುಪುತ್ತದೆ, ಇಷ್ಟಿದ್ದರೆ ಸಾಕು. ಇನ್ನೊಂದು ಸೆಕ್ಷನ್‌ನಲ್ಲಿ ಗಣಿತ ಬೇರೆ ಪೀರಿಯಡ್‌ನಲ್ಲಿದ್ದರೆ ಬದಲಾಯಿಸಿಕೊಡಿ ಎಂದು ಕೇಳಿ. ಆಗಲ್ಲ ಅನ್ನಬಹುದು. ಆದರೆ 10 ನಿಮಿಷ ತಡವಾಗಿ ಬರುವ ಹುಡುಗಿ ಸೋಮಾರಿ ಅಲ್ಲ ಅನ್ನೋದಾದರೂ ದಾಖಲಾಗುತ್ತದೆ. ಹಾಜರಿ ಸಿಗದ ದಿನವೂ ಹಿಂದಿನ ಬೆಂಚಿನಲ್ಲಿ ಕೂರಲು ಅನುಮತಿ ಕೇಳಿ. ಹಾಜರಿ ಹೋದರೆ ಹೋಗಲಿ, ಪಾಠ ಯಾಕೆ ಹೋಗಬೇಕು?

ಹಂತ ಬರೆಯಬೇಕು ಅನ್ನೋ ನಿಯಮ ನಿಮ್ಮ ಪರವಾಗಿಯೇ ಇದೆ. ಮೊದಲ ಲೆಕ್ಕವನ್ನೇ ನೋಡಿ. ಉತ್ತರ ತಪ್ಪಾದರೂ ಹಂತಕ್ಕೆ ಅರ್ಧ ಅಂಕ ಕೊಟ್ಟಿದ್ದಾರೆ. ಬರೀ ‘ಕ = −6’ ಎಂದಿದ್ದರೆ ಸೊನ್ನೆ. ಹಂತ ಬರೆಯುವಾಗ ‘ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತೆ’ ಅನ್ನೋ ಹಳೇ ಮಂತ್ರ ಬಿಡಿ. ಅದನ್ನು ನಂಬಿದವರು 2ಕ = 10 ಇದ್ದರೆ ಕ = 10 − 2 ಎಂದು ಬರೆದುಬಿಡುತ್ತಾರೆ. ಎರಡೂ ಕಡೆ ಒಂದೇ ಕೆಲಸ ಮಾಡಿ, ಏನು ಮಾಡಿದಿರೋ ಅದನ್ನು ಪಕ್ಕದಲ್ಲಿ ಬರೆಯಿರಿ. ನಿಧಾನ ಅನ್ನಿಸುತ್ತದೆ. ಎರಡು ವಾರ ಸಹಿಸಿಕೊಳ್ಳಿ.

ಕ್ಯಾಲ್ಕುಲೇಟರ್ ಇಲ್ಲ ಅನ್ನೋದಕ್ಕೂ ಕಾರಣವಿದೆ. ಈ ಮಟ್ಟದಲ್ಲಿ ಪರೀಕ್ಷೆ ಮಾಡುವುದೇ ಚಿಹ್ನೆ ಮತ್ತು ಭಿನ್ನರಾಶಿಯನ್ನು. ನೀವು ಬಿಸಿಎ ಓದುವವರಾದ್ದರಿಂದ ಒಂದು ತಮಾಷೆ ಹೇಳುತ್ತೇನೆ. ಎಕ್ಸೆಲ್‌ನಲ್ಲಿ ಆವರಣವಿಲ್ಲದೆ ಮೈನಸ್ 3ರ ವರ್ಗ ಕೇಳಿದರೆ 9 ಎನ್ನುತ್ತದೆ. ಪೈಥಾನ್‌ನಲ್ಲಿ ಅದನ್ನೇ ಕೇಳಿದರೆ −9 ಎನ್ನುತ್ತದೆ. ಎರಡೂ ಅವುಗಳ ನಿಯಮದಂತೆ ಸರಿಯೇ. ನಮ್ಮ ಪುಸ್ತಕದ ನಿಯಮದಲ್ಲಿ −3² ಎಂದರೆ −9, (−3)² ಎಂದರೆ 9. ಆವರಣದ ಬೆಲೆ ಗೊತ್ತಿಲ್ಲದವರು ಯಂತ್ರ ಹೇಳಿದ್ದನ್ನು ನಂಬಿ ಪ್ರೋಗ್ರಾಮ್ ಬರೆದರೆ ತಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಫೋಟೊ ತೆಗೆದರೆ ಲೆಕ್ಕ ಬಿಡಿಸುವ ಆ್ಯಪ್‌ಗಳೂ ಹೀಗೇ. ನೀವೇ ಒಮ್ಮೆ ಬಿಡಿಸಿ ಆಮೇಲೆ ತಾಳೆ ನೋಡಲು ಬಳಸಿ, ಅದರಲ್ಲಿ ಏನೂ ತಪ್ಪಿಲ್ಲ. ಮೊದಲೇ ತೆರೆದರೆ ಅಸೈನ್‌ಮೆಂಟಿಗೆ 5 ಬರುತ್ತದೆ, 80ರ ಪರೀಕ್ಷೆಯಲ್ಲಿ ಕೈ ನಿಲ್ಲುತ್ತದೆ.

ಅಭ್ಯಾಸಕ್ಕೆ ದಿನಾ ಎರಡು ಗಂಟೆ ನಿಮಗೆ ಸಿಗಲಿಕ್ಕಿಲ್ಲ, ಗೊತ್ತು. ಮುಕ್ಕಾಲು ಗಂಟೆ ಆದರೂ ತಪ್ಪದೆ ಕೊಡಿ. ಮೊದಲ ಎರಡು ವಾರ ಕಾಲೇಜಿನ ಪುಸ್ತಕವನ್ನು ಮನೆಯಲ್ಲಿ ಮುಟ್ಟಲೇಬೇಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಏಳು ಮತ್ತು ಎಂಟನೇ ಕ್ಲಾಸಿನ ಗಣಿತ ಪುಸ್ತಕಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತವೆ. ಎರಡನ್ನೂ ಇಳಿಸಿಕೊಳ್ಳಿ. ಅದೇ ಪಾಠ, ಅದೇ ಲೆಕ್ಕ, ಎರಡು ಭಾಷೆ. ಪೂರ್ಣಾಂಕ, ಭಿನ್ನರಾಶಿ, ಸರಳ ಸಮೀಕರಣ, ಅಪವರ್ತನ, ಈ ನಾಲ್ಕು ಪಾಠ ಸಾಕು. ಕನ್ನಡದಲ್ಲಿ ಓದಿ, ಇಂಗ್ಲಿಷಿನ ಪ್ರಶ್ನೆ ಬಿಡಿಸಿ. ಸಮೀಕರಣಕ್ಕೆ ಈಕ್ವೇಷನ್, ಸಹಗುಣಕಕ್ಕೆ ಕೋಎಫಿಷಿಯಂಟ್, ಛೇದಕ್ಕೆ ಡಿನಾಮಿನೇಟರ್ ಎಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಳ್ಳುತ್ತಾ ಹೋಗಿ. ಕ್ಲಾಸಿನಲ್ಲಿ ‘ಅರ್ಥ ಆಗಲಿಲ್ಲ’ ಅನ್ನಿಸುವುದರಲ್ಲಿ ಒಂದು ದೊಡ್ಡ ಪಾಲು ಈ ಪದಗಳದ್ದೇ. ಬಸ್ಸಿನಲ್ಲಿ ಸೀಟು ಸಿಕ್ಕರೆ ಆ ಪುಟ ಓದಿ. ಅಲುಗಾಡುವ ಬಸ್ಸಿನಲ್ಲಿ ಲೆಕ್ಕ ಬಿಡಿಸಲು ಹೋಗಬೇಡಿ.

ಟ್ಯೂಷನ್? ಬುಡದಿಂದ ಹೇಳಿಕೊಡುವವರಾದರೆ ಒಳ್ಳೆಯದು. ‘ಇಂಪಾರ್ಟೆಂಟ್ ಪ್ರಶ್ನೆ ಕೊಡ್ತೀವಿ’ ಅನ್ನೋ ಕಡೆ ದುಡ್ಡು ಸುರಿಯಬೇಡಿ. ಅದಕ್ಕಿಂತ ಕ್ಲಾಸಿನಲ್ಲಿ ಚೆನ್ನಾಗಿ ಮಾಡುವ ಒಬ್ಬ ಗೆಳತಿಯ ಜೊತೆ ಊಟದ ಬಿಡುವಿನಲ್ಲಿ ಕೂತರೆ ಜಾಸ್ತಿ ಲಾಭ.

ಇನ್ನು ಬಿಕಾಂ. ಅಪ್ಪನ ಕಾಳಜಿ ಸರಿ, ಲೆಕ್ಕಾಚಾರ ಪೂರ್ತಿ ಸರಿಯಲ್ಲ. ಬಿಕಾಂನಲ್ಲೂ ಬಡ್ಡಿ, ಅನುಪಾತ, ಶೇಕಡಾ, ಸಂಖ್ಯಾಶಾಸ್ತ್ರ ಎದುರಾಗುತ್ತವೆ. ಭಿನ್ನರಾಶಿ ಅಲ್ಲೂ ಬಿಡುವುದಿಲ್ಲ. ಸೆಮಿಸ್ಟರ್ ಅರ್ಧ ಮುಗಿದಿರುವಾಗ ಕೋರ್ಸ್ ಬದಲಿಸಲು ಅವಕಾಶ ಇರುವುದೂ ಅನುಮಾನ. ಇಲ್ಲವಾದರೆ ಒಂದು ವರ್ಷ ಹೋಗುತ್ತದೆ. ಕಂಪ್ಯೂಟರ್ ಲ್ಯಾಬಿನಲ್ಲಿ ಕೂತಾಗ ನಿಮಗೆ ಇಷ್ಟವಾಗುತ್ತಿದೆಯೇ? ನಿಮ್ಮ ಪತ್ರದಲ್ಲಿ ಆ ಬಗ್ಗೆ ಒಂದು ಮಾತೂ ಇಲ್ಲ. ಇಷ್ಟವಾಗುತ್ತಿದ್ದರೆ ಉಳಿಯಿರಿ. ಅದೂ ಬೇಸರ, ಇದೂ ಕಷ್ಟ ಅಂತಾದರೆ ಅಪ್ಪನ ಮಾತಿಗೆ ತೂಕವಿದೆ. ಆಗ ನಾನೂ ಬಿಕಾಂ ಕಡೆಗೇ. ಆದರೆ ಒಂದು ಟೆಸ್ಟಿನ 6 ನೋಡಿ ನಿರ್ಧರಿಸಬೇಡಿ.

ಒಂದು ವೇಳೆ ಈ ಸೆಮಿಸ್ಟರಿನಲ್ಲಿ ಗಣಿತ ಹೋಗಿಯೇಬಿಟ್ಟರೆ? ಮತ್ತೆ ಬರೆದು ಪಾಸು ಮಾಡಬಹುದು, ಡಿಗ್ರಿ ನಿಲ್ಲುವುದಿಲ್ಲ. ಆದರೆ ಬ್ಯಾಕ್‌ಲಾಗ್ ಹಗುರ ಅಂತ ಹೇಳುವವರ ಮಾತು ಕೇಳಬೇಡಿ. ಮುಂದೆ ಬರುವ ಮ್ಯಾಟ್ರಿಕ್ಸ್, ಸಂಖ್ಯಾಶಾಸ್ತ್ರ ಎಲ್ಲ ಇದರ ಮೇಲೆ ನಿಂತಿವೆ. ಕ್ಯಾಂಪಸ್ಸಿಗೆ ಬರುವ ಕೆಲವು ಕಂಪನಿಗಳು ಬ್ಯಾಕ್‌ಲಾಗ್ ಇರುವವರನ್ನು ಮೊದಲೇ ಬದಿಗಿಡುತ್ತವೆ. ಹಾಜರಾತಿ ಕೊರತೆಯಿಂದ ಪರೀಕ್ಷೆಗೇ ಕೂರಲಾಗದಿದ್ದರೆ ಅದು ಬರೆದು ಫೇಲಾಗುವುದಕ್ಕಿಂತ ಕೆಟ್ಟದ್ದು. ಆದ್ದರಿಂದ ಪುಸ್ತಕಕ್ಕಿಂತ ಮೊದಲು ಬಸ್ಸಿನ ವಿಷಯ ಬಗೆಹರಿಸಿ. ನಾಳೆ ಬೆಳಿಗ್ಗೆ ಆಫೀಸಿನಲ್ಲಿ ನಿಮ್ಮ ಹಾಜರಾತಿ 18 ಎಂದೇ ದಾಖಲಾಗಿದೆಯೇ ನೋಡಿಕೊಳ್ಳಿ. ನೀವು ಬಂದ ದಿನ ಗೈರು ಎಂದು ಬಿದ್ದಿದ್ದರೆ ಈಗ ತಿದ್ದಿಸಬಹುದು, ಸೆಮಿಸ್ಟರ್ ಕೊನೆಗೆ ಆಗದು.